ಹೋಟೆಲಿನ ಹೊಸ ಜಾಲ ಮತ್ತು ನಾವು

ಈಚೆಗೆ ನಮ್ಮ ಹೋಟೆಲುಗಳಲ್ಲಿ ಗೋಡೆ ಕೊರೆಯುವ ಸದ್ದು ಹೆಚ್ಚಾಗಿದೆ. ಹಳೆಯ ಕೇಬಲ್ಲು ಕಿತ್ತು ಹೊಸದನ್ನು ಎಳೆಯುತ್ತಿದ್ದಾರೆ. ಛಾವಣಿಯ ಕೆಳಗೆ ಬಿಳಿಯ ತಟ್ಟೆಯಂತಹ ವೈಫೈ ಪೆಟ್ಟಿಗೆಗಳನ್ನು ಬಿಗಿಯುತ್ತಿದ್ದಾರೆ. ಆರ್ಡರು ತೆಗೆದುಕೊಳ್ಳುವ ಕೈಯಂತ್ರ, ಅಡಿಗೆಮನೆಯಲ್ಲಿ ಚೀಟಿ ಉಗುಳುವ ಪ್ರಿಂಟರು, ಗಲ್ಲೆಯ ಮೇಲಿನ ಹಣಪಾವತಿ, ಮೂಲೆಮೂಲೆಯ ಕ್ಯಾಮರಾ, ಬೆರಳೊತ್ತಿ ಹಾಜರಿ ಹಾಕುವ ಪೆಟ್ಟಿಗೆ, ಇವೆಲ್ಲ ಈಗ ಒಂದೇ ಜಾಲವನ್ನು ನಂಬಿ ನಿಂತಿವೆ. ಇದು ಧನಿಗಳ ವ್ಯವಹಾರ, ನಮಗೇನು ಎಂದು ಕೇಳುವ ಬಂಧುಗಳು ಹಲವರಿದ್ದಾರೆ. ನಮಗೆ ಬಹಳವಿದೆ ಎಂಬುದೇ ನಮ್ಮ ಅಭಿಪ್ರಾಯ.

ಮೊದಲು ಜಾಲ ಕೆಡುವುದು ಏಕೆ ಎಂಬುದನ್ನು ತಿಳಿಯೋಣ. ವೈಫೈ ಎಂದರೆ ರೇಡಿಯೋ. ಒಂದು ಚಾನೆಲ್ಲಿನಲ್ಲಿ ಒಂದು ಸಲಕ್ಕೆ ಒಬ್ಬನ ಮಾತು ಮಾತ್ರ ನಡೆಯುತ್ತದೆ. ಅಡಿಗೆಮನೆಯ ಕಿಂಡಿಯಲ್ಲಿ ನಾಲ್ವರು ಮಾಣಿಗಳು ಒಟ್ಟಿಗೆ ಆರ್ಡರು ಕೂಗಿದರೆ ಭಟ್ಟರಿಗೆ ಒಬ್ಬನದೂ ತಿಳಿಯದು, ಇಲ್ಲಿಯೂ ಹಾಗೆಯೇ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗಿರಾಕಿಗಳ ಫೋನುಗಳೆಲ್ಲ ಅದೇ ಚಾನೆಲ್ಲಿಗೆ ಮುಗಿಬೀಳುತ್ತವೆ. ಅದರ ಮೇಲೆ ಉಕ್ಕಿನ ಕಪಾಟು, ದೊಡ್ಡ ಫ್ರಿಜ್ಜುಗಳು ಅಲೆಗಳಿಗೆ ಅಡ್ಡ ನಿಲ್ಲುತ್ತವೆ. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಹಳೆಯ ವೈಫೈ ಪೆಟ್ಟಿಗೆ ಮಾತಾಡುವುದೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೇ. ಒಲೆ ತಿರುಗುವಷ್ಟು ಹೊತ್ತು ಮಾಣಿಯ ಕೈಯಂತ್ರ ಮೂಕವಾದರೆ ಆಶ್ಚರ್ಯವಿಲ್ಲ. ಗಿರಾಕಿ ಮಾತ್ರ ಮೂಕನಾಗುವುದಿಲ್ಲ. ಬೈಗುಳು ಮಾಣಿಗೇ.

ಆದುದರಿಂದ ಹೊಸ ಜಾಲ ಬೇಡವೆಂದು ನಾವು ಹೇಳುವುದಿಲ್ಲ. ಸರಿಯಾಗಿ ಹಾಕಿರೆಂದು ಹೇಳುತ್ತೇವೆ. 2019ರಿಂದ ಬಳಕೆಗೆ ಬಂದ ವೈಫೈ 6 ಎಂಬ ತಲೆಮಾರಿನ ಪೆಟ್ಟಿಗೆಗಳು ಒಂದೇ ಚಾನೆಲ್ಲನ್ನು ಪಾಲು ಮಾಡಿ ಏಕಕಾಲಕ್ಕೆ ಹಲವು ಯಂತ್ರಗಳಿಗೆ ಬಡಿಸಬಲ್ಲವು. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಲೆಯ ಕಾಟವಿಲ್ಲ. ಕೂತಲ್ಲಿಂದ ಏಳದ ಪ್ರಿಂಟರು, ಗಲ್ಲೆ, ಕ್ಯಾಮರಾಗಳನ್ನು ತಂತಿಗೇ ಕಟ್ಟುವುದು ಒಳ್ಳೆಯದು. ಆಗ ರೇಡಿಯೋ ನಡೆದಾಡುವವರಿಗೆ ಉಳಿಯುತ್ತದೆ. ತಾಮ್ರದ ಕೇಬಲ್ಲು 100 ಮೀಟರಿನವರೆಗೆ ನಡೆಯುತ್ತದೆ. ಅದೇ ಕೇಬಲ್ಲಿನಲ್ಲಿ ಕ್ಯಾಮರಾಕ್ಕೆ ಬೇಕಾದ ವಿದ್ಯುತ್ತೂ ಹೋಗುತ್ತದೆ. ಆದರೆ ಅನೇಕ ಕಡೆ ಛಾವಣಿಯ ಕೆಳಗೆ ಹೊಸ ಪೆಟ್ಟಿಗೆ, ಗೋಡೆಯೊಳಗೆ ಇಲಿ ಕಡಿದ ಹಳೆಯ ಕೇಬಲ್ಲು. ನಲ್ಲಿ ಹೊಸದು, ಪೈಪು ತುಕ್ಕು ಹಿಡಿದದ್ದು. ಇಂಥಲ್ಲಿ ನೀರು ಬಾರದಿದ್ದರೆ ಕೊಡ ಹಿಡಿದವನ ತಪ್ಪೇ?

ಜಾಲವನ್ನು ಒಳಗೇ ಭಾಗ ಮಾಡುವುದು ಇನ್ನೊಂದು ಮುಖ್ಯ ಸಂಗತಿ. ಗಿರಾಕಿಯ ವೈಫೈ, ಹಣದ ಗಲ್ಲೆ, ಕೆಲಸಗಾರರ ಯಂತ್ರ, ಇವು ಒಂದಕ್ಕೊಂದು ಕಾಣದಂತಿರಬೇಕು. ಅಮೆರಿಕದ ಟಾರ್ಗೆಟ್ ಎಂಬ ಅಂಗಡಿಗಳ ಕಂಪೆನಿಯಲ್ಲಿ 2013ರಲ್ಲಿ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಒಳಹೊಕ್ಕದ್ದು ಶೀತಯಂತ್ರಗಳ ಕೆಲಸ ನೋಡುತ್ತಿದ್ದ ಒಬ್ಬ ಗುತ್ತಿಗೆದಾರರ ಪಾಸ್‌ವರ್ಡನ್ನು ಕದ್ದು. ನಮ್ಮಲ್ಲಿ ಹಾಗಾದರೆ ಮೊದಲು ಕಿಸೆ ತಡಕುವುದು ಯಾರದೆಂದು ನಾವು ಬಲ್ಲೆವು. ಇಡೀ ಹೋಟೆಲಿಗೆ ಒಂದೇ ಪಾಸ್‌ವರ್ಡು, ಅದೂ ಗಲ್ಲೆಯ ಹಿಂದೆ ಚೀಟಿಯಲ್ಲಿ ಅಂಟಿಸಿದ್ದು. ಹೀಗಿರುವಾಗ ತಾನು ನಿರಪರಾಧಿಯೆಂದು ಯಾವ ಹುಡುಗನೂ ತೋರಿಸಲಾರ. ಒಬ್ಬೊಬ್ಬನಿಗೆ ಒಂದೊಂದು ಗುರುತು ಕೊಡಿರೆಂದು ಕೇಳುವುದು ನಮ್ಮ ಮಾನದ ಪ್ರಶ್ನೆ.

ಹಾಜರಿಯ ಯಂತ್ರದ ಮಾತಿಗೆ ಬರೋಣ. ಲೈನು ಹೋಗಿತ್ತು, ದಾಖಲೆ ಬಂದಿಲ್ಲ, ಆದುದರಿಂದ ಅರ್ಧ ದಿನದ ಪಗಾರ ಕಡಿತ ಎಂಬ ದೂರು ನಮ್ಮ ಕಿವಿಗೆ ಬೀಳುತ್ತಲೇ ಇದೆ. ಇದು ಒಪ್ಪತಕ್ಕ ಮಾತಲ್ಲ. ಇಂಥ ಯಂತ್ರಗಳಲ್ಲಿ ಬಹಳಷ್ಟು, ಲೈನು ಇಲ್ಲದಾಗ ಬೆರಳಿನ ಗುರುತನ್ನು ತಮ್ಮೊಳಗೇ ಇಟ್ಟುಕೊಂಡು ಆಮೇಲೆ ಕಳಿಸುತ್ತವೆ. ಅಂಥ ಯಂತ್ರವನ್ನೇ ತರಿಸಲಿ. ಪಕ್ಕದಲ್ಲಿ ಸಹಿ ಹಾಕುವ ಪುಸ್ತಕವೂ ಇರಲಿ. ಪಾತ್ರೆ ತೊಳೆದು ತೊಳೆದು ಬೆರಳಿನ ರೇಖೆ ಸವೆದವನನ್ನು ಗುರುತಿಸದ ಯಂತ್ರಕ್ಕೆ ಆ ಪುಸ್ತಕವೇ ಉತ್ತರ.

ಕಾನೂನು ಏನು ಹೇಳುತ್ತದೆ? 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 40ನೆಯ ಕಲಮಿನಂತೆ, ಮೂರನೆಯ ಪರಿಶಿಷ್ಟದಲ್ಲಿ ಹೇಳಿದ ಬದಲಾವಣೆಗಳಿಗೆ ಮುಂಚಿತವಾಗಿ ನೋಟೀಸು ಕೊಡಬೇಕು. ಕೊಟ್ಟು 21 ದಿನ ಕಳೆಯದೆ ಜಾರಿಗೆ ತರಕೂಡದು. 1947ರ ಹಳೆಯ ಕಾಯಿದೆಯಲ್ಲಿಯೂ ಇದೇ ಅವಧಿಯಿತ್ತು. ಬರಿಯ ಕೇಬಲ್ಲು ಬದಲಿಸಲು ನೋಟೀಸು ಬೇಕಿಲ್ಲ, ಅದನ್ನು ಒಪ್ಪುತ್ತೇವೆ. ಆದರೆ ಹೊಸ ಶಿಸ್ತಿನ ನಿಯಮ ಬಂದರೆ, ಯಂತ್ರಸುಧಾರಣೆಯಿಂದ ಜನರನ್ನು ಕೆಲಸದಿಂದ ತೆಗೆಯುವ ಸಂಭವವಿದ್ದರೆ, ಅವೆರಡೂ ಆ ಪರಿಶಿಷ್ಟದೊಳಗೆ ಸೇರಿವೆ. ಗಿರಣಿಯ ಮನೆತನದವರಿಗೆ ಇದು ಹೊಸ ಕಥೆಯಲ್ಲ. 1928ರಲ್ಲಿ ಮುಂಬಯಿಯ ಗಿರಣಿಗಳು ಸುಮಾರು ಆರು ತಿಂಗಳು ನಿಂತಾಗ ಜಗಳದ ಮೂಲದಲ್ಲಿ ಇದೇ ವಿಷಯವಿತ್ತು. ಎರಡು ಮಗ್ಗ ನೋಡುವ ನೇಕಾರ ಮೂರು ನೋಡಲಿ ಎಂಬ ಯೋಜನೆ. ಇಂದು ನಾಲ್ಕು ಟೇಬಲ್ಲಿನ ಮಾಣಿಗೆ ಕೈಯಂತ್ರ ಕೊಟ್ಟು ಎಂಟು ಟೇಬಲ್ಲು ನೋಡೆನ್ನುವಾಗ ಪಗಾರದ ಮಾತನ್ನೂ ಅದೇ ದಿನ ಆಡಬೇಕು.

ಇನ್ನೊಂದು ವಿಚಾರ. ಜಾಲ ಕೆಟ್ಟಾಗಲೆಲ್ಲ ಹೊರಗಿನವನನ್ನು ಕರೆಸಿ ಹಣ ತೆರುತ್ತಾರೆ. ಕೇಬಲ್ಲಿನೊಳಗೆ ಇರುವುದು ಎಂಟು ಎಳೆ, ಎರಡೆರಡು ಹೊಸೆದು ನಾಲ್ಕು ಜೊತೆ, ಪ್ರತಿಯೊಂದಕ್ಕೂ ಬಣ್ಣ. ಅವನ್ನು ಕ್ರಮವಾಗಿ ಜೋಡಿಸಿ ತುದಿ ಕಚ್ಚಿಸುವ ಕೆಲಸವನ್ನು ನಮ್ಮ ಕ್ಲೀನರ್ ಹುಡುಗನೂ ಕಲಿಯಬಲ್ಲ. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ಈ ನಗರದ ಕನ್ನಡಿಗರಲ್ಲಿ ಕಡಮೆಯೇನಲ್ಲ. ಪ್ರತಿ ಹೋಟೆಲಿನಲ್ಲಿ ಒಬ್ಬಿಬ್ಬರಿಗೆ ಧನಿಗಳ ಖರ್ಚಿನಲ್ಲಿ ಈ ತರಬೇತಿ ಕೊಡಿಸಿ, ಆ ಕೆಲಸಕ್ಕೆ ಬೇರೆ ಭತ್ತೆ ನಿಗದಿ ಮಾಡಬೇಕೆಂದು ನಾವು ಕೇಳುತ್ತೇವೆ.

ತಮ್ಮ ಹೋಟೆಲಿನಲ್ಲಿ ಈ ಕೆಲಸ ನಡೆದಿದ್ದರೆ ನೋಟೀಸು ಬಂದಿದೆಯೇ, ಬಂದಿದ್ದರೆ ಯಾವ ತಾರೀಖು ಎಂಬುದನ್ನು ಬಂಧುಗಳು ಬರೆದಿಟ್ಟುಕೊಳ್ಳಲಿ. ಲೈನು ಹೋದ ದಿನ, ಹೊತ್ತು, ಕಡಿತವಾದ ಪಗಾರ, ಇವನ್ನೂ ಗುರುತು ಮಾಡಿ, ನೋಟೀಸಿನ ಒಂದು ಪ್ರತಿಯೊಡನೆ ಸಂಘದ ಕಛೇರಿಗೆ ತಂದು ಕೊಡಲಿ.