ಲೈನ್ ಮೇಲಿನ ಬಾಲ್

1/5
ಮ್ಯಾಚ್ ಮುಗಿದ ಮೇಲೆ ನೆಟ್ ಹತ್ತಿರ ಹೋಗಿ ಕೈ ಕುಲುಕಿ, ನಕ್ಕು, ಫೋಟೋ ಹಾಕೋದಕ್ಕೆ ನಾವು ‘ಸ್ಪೋರ್ಟ್ಸ್‌ಮನ್‌ಶಿಪ್’ ಅಂತ ಹೆಸರಿಟ್ಟೀವಿ. ನನಗಿದು ಒಪ್ಪಿಗಿ ಇಲ್ಲ. ಅಷ್ಟೊತ್ತಿಗೆ ಸ್ಕೋರ್ ಬರೆದಾಗಿರ್ತದ, ಕಳಕೊಳ್ಳೋಕೆ ಏನೂ ಉಳಿದಿರಲ್ಲ. ಸೋಲು ತಡಕೊಳ್ಳೋ ದಮ್ ಅದನೋ ಇಲ್ಲೋ ಗೊತ್ತಾಗೋದು ಅದಕ್ಕಿಂತ ಮೊದಲು, ಪಾಯಿಂಟ್ ಇನ್ನೂ ನಿಮ್ಮ ಕೈಯಾಗ ಇದ್ದಾಗ.

2/5
2023ರ ಯುಎಸ್ ಓಪನ್ ಡಬಲ್ಸ್ ಫೈನಲ್. ನಮ್ಮ ಕೊಡಗಿನ ರೋಹನ್ ಬೋಪಣ್ಣ, ವಯಸ್ಸು 43, ಜೊತೆಗೆ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್. ಎದುರಿಗೆ ರಾಜೀವ್ ರಾಮ್ ಮತ್ತು ಜೋ ಸ್ಯಾಲಿಸ್ಬರಿ. ಒಂದೊಂದು ಸೆಟ್ ಸಮ. ಮೂರನೇ ಸೆಟ್ಟಿನಾಗ ಒಂದು ಪಾಯಿಂಟ್ ಬೋಪಣ್ಣನವರ ಕಡೆ ಬಂತು. ಆದರೆ ಬಾಲ್ ನೆಟ್ ದಾಟೋ ಮೊದಲು ಅವರ ತೋಳಿಗೆ ಸವರಿತ್ತು. ಮೈಗೆ ತಾಗಿದರೆ ಪಾಯಿಂಟ್ ಎದುರಿನವರದು. ಅಂಪೈರ್ ಗಮನಿಸಿರಲಿಲ್ಲ. ಅವರೇ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ನೆನಪಿರಲಿ, ಅಲ್ಲೀತನಕ ಅವರ ಕೈಗೆ ಒಂದೂ ಗ್ರ್ಯಾಂಡ್ ಸ್ಲಾಮ್ ಪುರುಷರ ಡಬಲ್ಸ್ ಕಪ್ ಸಿಕ್ಕಿರಲಿಲ್ಲ. ಸೆಟ್ 4-6. ಫೈನಲ್ ಹೋಯ್ತು.

ಮುಂದೆ 2024ರ ಜನವರಿಯಲ್ಲಿ ಇದೇ ಜೋಡಿ ಆಸ್ಟ್ರೇಲಿಯನ್ ಓಪನ್ ಗೆದ್ದಿತು. ಹಂಗಂತ ‘ಒಳ್ಳೇತನಕ್ಕ ದೇವರು ಕಪ್ ಕೊಟ್ಟ’ ಅಂತ ಕಥಿ ಕಟ್ಟಬ್ಯಾಡ್ರಿ. ಆ ದಿನ ಅವರು ಸೋತರು. ಸೋಲೋ ಸಾಧ್ಯತೆ ಕಣ್ಣೆದುರೇ ಇದ್ದಾಗ ಬಿಟ್ಟುಕೊಟ್ಟರು. ನಾನು ಹೇಳೋದು ಅಷ್ಟೇ.

3/5
‘ಸೋತಾಗ ಅಳೋದು ವೀಕ್’ ಅಂತ ಕಮೆಂಟ್ ಹಾಕೋರಿಗೆ: 2009ರಲ್ಲಿ ಮೆಲ್ಬರ್ನ್‌ನಲ್ಲಿ ನಡಾಲ್‌ಗೆ ಐದು ಸೆಟ್ ಆಡಿ ಸೋತ ಫೆಡರರ್ ಮೈಕ್ ಮುಂದೆ ಮಾತಾಡಕ್ಕಾಗದೇ ಅತ್ತರು. ನಡಾಲ್ ಬಂದು ಹೆಗಲ ಮೇಲೆ ಕೈ ಹಾಕಿದರು. ಅಳ್ರಿ, ಏನೂ ಆಗಲ್ಲ. ‘ಕೋರ್ಟ್ ಸರಿ ಇರಲಿಲ್ಲ, ಬಿಸಿಲಿತ್ತು’ ಅನ್ನೋದು ಮಾತ್ರ ಬ್ಯಾಡ. ಕಲಬುರಗಿ ಬಿಸಿಲು ನೆಟ್‌ನ ಎರಡೂ ಕಡಿ ಬೀಳ್ತದ.

4/5
ತಪ್ಪು ಆಡೋರದು ಅಷ್ಟೇ ಅಲ್ಲ. 2023ರಾಗ ನಮ್ಮ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಾಗ ಐಟಿಎಫ್ ಟೂರ್ನಿ ಆಯ್ತಲ್ಲ, ರಾಮಕುಮಾರ್ ರಾಮನಾಥನ್ ಗೆದ್ದರು. ಫೈನಲ್‌ನಲ್ಲಿ ಸೋತವರು ಯಾರು? ಗೂಗಲ್ ಮಾಡದೇ ಹೇಳ್ರಿ ನೋಡೋಣ. ಆಸ್ಟ್ರಿಯಾದ ಡೇವಿಡ್ ಪಿಚ್ಲರ್. ವಾರಪೂರ್ತಿ ಆಡಿ ಫೈನಲ್ ಮುಟ್ಟಿದವರ ಹೆಸರೇ ನಮಗೆ ಬ್ಯಾಡ. ಹಿಂಗಿದ್ದರೆ ಹುಡುಗರು ಸೋಲಿಗೆ ಹೆದರಿ ಲೈನ್ ಮೇಲಿನ ಬಾಲ್‌ಗೆ ‘ಔಟ್’ ಅನ್ನದೇ ಮತ್ತೇನು ಮಾಡ್ತಾರ?

5/5
ನಾನೇ ಅಂದೀನಿ. ಹೋದ ಭಾನುವಾರ. ನಮ್ಮ ಆಟಕ್ಕೆ ಅಂಪೈರ್ ಎಲ್ಲಿ? ಅವರವರ ಕಡೆ ಬಿದ್ದ ಬಾಲ್ ಅವರವರೇ ಹೇಳಬೇಕು, ಅನುಮಾನ ಇದ್ದರೆ ಎದುರಿನವನಿಗೆ ಬಿಡಬೇಕು. ನನಗೆ ಅನುಮಾನವೂ ಇರಲಿಲ್ಲ. ಕಮಲಾಪುರದಿಂದ ಬಸ್ ಹತ್ತಿ ಬಂದಿದ್ದ ಹುಡುಗ, ನಾನು 5-4 ಮುಂದೆ, ಅವನ ಸರ್ವ್, 30-40. ಅವನು ಹೊಡೆದ ಬಾಲ್ ಲೈನ್ ಮೇಲೇ ಬಿತ್ತು, ಸುಣ್ಣ ಹಾರಿದ್ದು ಕಂಡೆ. ‘ಔಟ್’ ಅಂದೆ. ಅವನು ಒಂದು ಕ್ಷಣ ಗುರುತು ನೋಡಿದ, ಏನೂ ಅನ್ನಲಿಲ್ಲ, ಬಂದು ಕೈ ಕುಲುಕಿದ. ನಾನು ಕೋಟೆ ಮುಂದೆ ನಿಂತು ಗೆದ್ದ ಸ್ಟೋರಿ ಹಾಕಿದೆ. ಅದಕ್ಕೆ ಮೊದಲ ಚಪ್ಪಾಳೆ ಅವನದೇ.

ಸ್ಟೋರಿ ತೆಗೆದೀನಿ. ಅವನಿಗೆ ಮೆಸೇಜ್ ಹಾಕೀನಿ: ಈ ಭಾನುವಾರ ಬಾ. ಡ್ಯೂಸ್‌ನಿಂದ ಶುರು. ಸರ್ವ್ ನಿಂದು. ಬಸ್ ಚಾರ್ಜ್ ನಂದು.

#ಕಲಬುರಗಿ #ಟೆನಿಸ್ #ಕಮಲಾಪುರ