ದಾರಿ ಕಟ್ಟುವವರ ಪರಿಷತ್ತಿನಲ್ಲಿ

ಕಳೆದ ತಿಂಗಳು ಬೆಂಗಳೂರಿನಲ್ಲಿ ರಸ್ತೆ, ಸೇತುವೆ, ರೈಲುದಾರಿಗಳ ಇಂಜಿನಿಯರುಗಳ ಪರಿಷತ್ತೊಂದು ಎರಡು ದಿನ ನೆರೆದಿತ್ತು. ಮನೆಯ ಜಮಾಖರ್ಚು ಬರೆಯುವುದರ ಹೊರತು ಲೆಕ್ಕವರಿಯದ ನಮಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ನಮ್ಮ ತಂಗಿಯನ್ನು ಕೊಟ್ಟ ಮನೆ ಅಂಕೋಲೆಯ ಕಡೆಯದು. 2024ನೆಯ ಇಸವಿ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಜರಿದು, ಬುಡದಲ್ಲಿದ್ದ ಚಹದಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತಷ್ಟೆ. ಉಕ್ಕಿದ ನೀರು ಎದುರು ದಂಡೆಯ ಉಳುವರೆಯ ಮನೆಗಳನ್ನು ಕೆಡವಿತು. ಹೊಳೆಯಲ್ಲಿ ಮುಳುಗಿದ್ದ ಲಾರಿಯೊಂದು ದೊರೆತದ್ದು ಸೆಪ್ಟೆಂಬರ್ 25ಕ್ಕೆ. ಅಂದಿನಿಂದ, ಕುಮಟೆಯ ದಾರಿಯಾಗಿ ತಂಗಿಯ ಮನೆಗೆ ಹೋಗುವಾಗಲೆಲ್ಲ ಅಲ್ಲಿ ಬಂಡಿಯೊಳಗಿನ ಮಾತು ತಾನಾಗಿ ನಿಂತುಹೋಗುವುದು. ಆದುದರಿಂದ ಮಿತ್ರರೊಬ್ಬರ ಬೆನ್ನುಹತ್ತಿ ನಾವೂ ಹೋದೆವು.

ಪರಿಷತ್ತಿನ ವಿಷಯ ದಾರಿಗಳ 'ರೆಸಿಲಿಯೆನ್ಸ್'. ಕನ್ನಡದಲ್ಲಿ ಏನೆನ್ನಬೇಕೆಂದು ವಿಚಾರಿಸಲು, ಒಬ್ಬರು ಸ್ಥಿತಿಸ್ಥಾಪಕತ್ವವೆಂದರು, ಇನ್ನೊಬ್ಬರು ಪುನಶ್ಚೇತನವೆಂದರು. ಎಡವಿದ ಮಗುವಿಗೆ ನಮ್ಮ ತಾಯಿಯವರು "ಸಾವರಿಸಿಕೋ" ಎನ್ನುತ್ತಿದ್ದರು. ನಮಗೆ ಅದೇ ಸಾಕೆಂದು ತೋರಿತು. 1964ರ ಡಿಸೆಂಬರಿನಲ್ಲಿ ಚಂಡಮಾರುತವು ಪಾಂಬನ್ ಸೇತುವೆಯ ತೊಲೆಗಳನ್ನು ಕಡಲಿಗೆಸೆದಾಗ, ಇ. ಶ್ರೀಧರನ್ನರು ಅವನ್ನೇ ನೀರಿನಿಂದೆತ್ತಿಸಿ 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರಂತೆ. ಸಭೆ ಚಪ್ಪಾಳೆ ತಟ್ಟಿತು. ಅದೇ ರಾತ್ರಿ ಧನುಷ್ಕೋಟಿಯ ಬಳಿ ಅಲೆಯ ಪಾಲಾದ ಗಾಡಿಯ ಪ್ರಯಾಣಿಕರು ನಮ್ಮ ನೆನಪಿಗೆ ಬಂದರು, ನಾವು ತಟ್ಟಲಿಲ್ಲ.

ಓದಿದ ಪ್ರಬಂಧಗಳಲ್ಲಿ ಅರ್ಧಕ್ಕರ್ಧ ನಮಗೆ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಊಟದ ಹೊತ್ತಿನಲ್ಲಿ ಮಾತ್ರ ಎಲ್ಲರೂ ಸುಲಭವಾದ ಭಾಷೆಯಾಡಿದರು. ಗುಡ್ಡವೇಕೆ ಕುಸಿಯುವುದೆಂದು ಕೇಳಿದಾಗ ವೃದ್ಧರೊಬ್ಬರು ತಟ್ಟೆಯಲ್ಲಿದ್ದ ರಾಗಿಮುದ್ದೆಯನ್ನೇ ತೋರಿಸಿದರು. ಹಿಟ್ಟಿಗೆ ನೀರು ಹದವಾಗಿದ್ದರೆ ಮುದ್ದೆ ನಿಲ್ಲುವುದು. ಹೆಚ್ಚಾದರೆ ಅದೇ ಹಿಟ್ಟು ಅಂಬಲಿಯಾಗಿ ಹರಿಯುವುದು. ಮಳೆನೀರು ಮಣ್ಣಿನ ಕಣಗಳ ಸಂದುಗಳಲ್ಲಿ ತುಂಬಿ ಒಂದನ್ನೊಂದು ಹಿಡಿಯಗೊಡದು. ಅದರ ಮೇಲೆ ರಸ್ತೆಯ ಅಗಲಕ್ಕಾಗಿ ಗುಡ್ಡದ ಕಾಲನ್ನು ನೆಟ್ಟಗೆ ಕತ್ತರಿಸಿದರೆ ಭಾರ ಹೊರುವವರಾರು? ತಡೆಗೋಡೆಯ ಸಾಲು ತೂತುಗಳು ಒಳಗಿನ ನೀರು ಹೊರಬರಲಿಕ್ಕೆ. ಅವು ಕಟ್ಟಿಕೊಂಡರೆ ಗೋಡೆಯೇ ಶತ್ರು ಎಂದರು. ನಮ್ಮ ಬೀದಿಯ ಗೋಡೆಯ ತೂತುಗಳಲ್ಲಿ ಹುಡುಗರು ಕಾಗದ ತುರುಕಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಕೊಂಕಣ ರೈಲುದಾರಿ 1998ರಲ್ಲಿ ಪೂರ್ತಿ ತೆರೆಯಿತು. 2003ರ ಜೂನ್ 22ರಂದು ವೈಭವವಾಡಿಯ ಬಳಿ ಜರಿದ ಬಂಡೆಗಳಿಗೆ ಗಾಡಿ ತಗುಲಿ ಐವತ್ತಕ್ಕೂ ಹೆಚ್ಚು ಜನ ಮಡಿದರು. ಮರುವರ್ಷದ ಜೂನಿನಲ್ಲಿ ಮತ್ತೊಂದು ಅಪಘಾತ. ಆಮೇಲೆ ಇಳಿಜಾರುಗಳನ್ನು ಕಡಿದು ಓರೆಮಾಡಿದರು, ಬಲೆ ಹೊದಿಸಿದರು. ಮಳೆಗಾಲದಲ್ಲಿ ಗಾಡಿಗಳ ವೇಗವಿಳಿಸುವರು. ಕಾವಲಿನವರು ಇರುಳೆಲ್ಲ ಹಳಿಯುದ್ದಕ್ಕೂ ನಡೆಯುವರು. ಗಾಡಿ ತಡವೆಂದು ಪ್ರತಿ ಜೂನಿನಲ್ಲಿಯೂ ಗೊಣಗಿದವರಲ್ಲಿ ನಾವೂ ಸೇರಿದ್ದೇವೆ.

ಒಂದು ಕೊರತೆಯನ್ನು ಹೇಳದಿರಲಾರೆವು. ಎರಡು ದಿನಗಳಲ್ಲಿ ಗುಡ್ಡದ ಬುಡದಲ್ಲಿ ವಾಸಿಸುವವರೊಬ್ಬರೂ ವೇದಿಕೆಯೇರಲಿಲ್ಲ. ಕೊನೆಗೆ ನಾವೇ ಎದ್ದು, ಅಂಥವರು ಏನನ್ನು ನೋಡುತ್ತಿರಬೇಕೆಂದು ಕೇಳಿದೆವು. ಧರೆಯ ಮೇಲೆ ಹೊಸ ಬಿರುಕು, ವಾಲುವ ಮರ, ತಿಳಿಯಾಗಿದ್ದ ಒರತೆ ಒಮ್ಮೆಲೇ ಕೆಂಪಾಗುವುದು. ಇವನ್ನು ಕಂಡರೆ ಮನೆ ಬಿಟ್ಟು ಹೊರಡತಕ್ಕದ್ದೆಂದು ಉತ್ತರ ಬಂದಿತು.

ಆ ರಾತ್ರಿಯೇ ತಂಗಿಗೆ ಫೋನು ಮಾಡಿದೆವು. ಬಿರುಕಿಲ್ಲವಂತೆ, ಒರತೆ ತಿಳಿಯಾಗಿದೆಯಂತೆ. ಹಿತ್ತಿಲ ಧರೆಯ ಮೇಲಿನ ಹಲಸು ಮಾತ್ರ ಹೋದ ವರ್ಷಕ್ಕಿಂತ ಮನೆಯ ಕಡೆಗೆ ಬಾಗಿದೆಯೆಂದು ಆಕೆ. ಅದು ಹುಟ್ಟಿನಿಂದಲೇ ಡೊಂಕೆಂದು ಭಾವನವರು. ಬರುವ ಆದಿತ್ಯವಾರ ನೋಡಿಬರಲು ಹೊರಟಿದ್ದೇವೆ.