ತಾಯ್ತನ ತಾನಾಗಿಯೇ ಬರುವುದೇ?



"ಮಗು ಹುಟ್ಟಿದೊಡನೆ ತಾಯಿಗೆ ಹಾಲೂ ಮಮತೆಯೂ ತಾವಾಗಿಯೇ ಬರುತ್ತವೆ." ಹಾರ್ಮೋನುಗಳ ಪಾಠದಲ್ಲಿ ಇಷ್ಟು ಹೇಳಿ ನಾನು ಮುಂದಿನ ಪುಟಕ್ಕೆ ಹೋಗುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಮಾತು ಅರ್ಧಸತ್ಯವೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಮನೆಯಲ್ಲಿ ಚೊಚ್ಚಲ ಬಾಣಂತಿಯೊಬ್ಬಳು, ಮಗು ಮೊಲೆ ಹಿಡಿಯದೆ ಅತ್ತಾಗ, ತಾನೂ ಅಳುತ್ತ ಕುಳಿತಿದ್ದಳು. "ಕೋತಿಯೂ ಮರಿಗೆ ಹಾಲೂಡಿಸುತ್ತದೆ, ಇವಳಿಗೆ ಬಾರದೇ?" ಎಂದು ಹಿರಿಯರೊಬ್ಬರು ಮೂದಲಿಸಿದರು. ಪಾಠ ಹೇಳಿದ್ದ ನಾನೂ ಸುಮ್ಮನಿದ್ದೆ.

ಹಾಗಾದರೆ ಕೋತಿಯನ್ನೇ ನೋಡೋಣ. ರೀಸಸ್ ಕೋತಿಯ ಗರ್ಭಾವಧಿ ಸುಮಾರು ಐದೂವರೆ ತಿಂಗಳು. ಮೊದಲ ಕೆಲವು ವಾರಗಳ ಬಳಿಕ, ಗರ್ಭವನ್ನು ಉಳಿಸುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಅಂಡಾಶಯದ ಬದಲು ಮಾಸುವೇ ಒದಗಿಸುತ್ತದೆ. ಹಾಲು ಧಾರಾಳವಾಗಿ ಉತ್ಪತ್ತಿಯಾಗದಂತೆ ಅಲ್ಲಿಯವರೆಗೆ ತಡೆಯುವುದೂ ಅದೇ. ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಕುಸಿಯುತ್ತದೆ. ಪ್ರೊಲ್ಯಾಕ್ಟಿನ್ ಮೇಲುಗೈ ಪಡೆದು ಹಾಲು ತುಂಬಿಕೊಳ್ಳುತ್ತದೆ. ಮರಿ ಚೀಪಿದಾಗ ಆಕ್ಸಿಟೋಸಿನ್ ಸ್ರವಿಸಿ ಹಾಲು ಇಳಿಯುತ್ತದೆ. ಮರಿ ಮೇಲಿಂದ ಮೇಲೆ ಚೀಪುತ್ತಿರುವಷ್ಟು ಕಾಲ ಪ್ರೊಲ್ಯಾಕ್ಟಿನ್ ಹೆಚ್ಚಾಗಿದ್ದು, ಮುಂದಿನ ಋತುಚಕ್ರವೂ ತಡವಾಗುತ್ತದೆ. ಮನುಷ್ಯರಲ್ಲಿಯೂ ಕ್ರಮ ಬಹುಮಟ್ಟಿಗೆ ಇದೇ. ಹಾಲು ತುಂಬಿ ಬರಲು ಎರಡು ಮೂರು ದಿನ ಹಿಡಿಯುವುದು ಸಹಜ.

ಆದರೆ ಇಷ್ಟೇ ಸಾಕೇ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೋ ಮತ್ತು ಸಂಗಡಿಗರು 1950 ಮತ್ತು 1960ರ ದಶಕಗಳಲ್ಲಿ ರೀಸಸ್ ಮರಿಗಳನ್ನು ತಾಯಂದಿರಿಂದ ಅಗಲಿಸಿ ಬೆಳೆಸಿದರು. ಆ ಪ್ರಯೋಗದ ಕ್ರೌರ್ಯವನ್ನು ನಾನು ಮೆಚ್ಚಲಾರೆ. ಅದು ತೋರಿಸಿಕೊಟ್ಟದ್ದನ್ನು ಮರೆಯಲಾರೆ. ಹಾಗೆ ಬೆಳೆದ ಹೆಣ್ಣುಗಳು ಮುಂದೆ ಗರ್ಭ ಧರಿಸಿದವು, ಹೆತ್ತವು. ಆದರೆ ಅನೇಕವು ಮರಿಯನ್ನು ಎದೆಗೆ ಸೇರಿಸಲಿಲ್ಲ, ಕೆಲವು ಹಿಂಸಿಸಿದವು. ಎರಡನೆಯ ಮರಿಯ ಹೊತ್ತಿಗೆ ಅವುಗಳಲ್ಲಿ ಹಲವು ಸುಧಾರಿಸಿದವು.

ಹಾರ್ಮೋನು ದೇಹವನ್ನು ಅಣಿಗೊಳಿಸುತ್ತದೆ. ಸಾಕುವುದನ್ನು ಕಲಿಸುವುದು ಒಡನಾಟ ಮತ್ತು ಅನುಭವ. ಕೋತಿಗೇ ಹೀಗಿರುವಾಗ, ನಿದ್ದೆಗೆಟ್ಟು ಬಳಲಿದ ಬಾಣಂತಿಯನ್ನು ಮೂದಲಿಸುವುದು ಅಜ್ಞಾನವೇ ಸರಿ.

ನಿಮ್ಮಲ್ಲಿ ಹಲವರು ಈಗ ಅಜ್ಜ ಅಜ್ಜಿಯರಾಗುವ ವಯಸ್ಸಿನವರು. ಮನೆಯಲ್ಲಿ ಬಾಣಂತಿಯಿದ್ದರೆ ಅವಳ ಪಕ್ಕದಲ್ಲಿ ಕುಳಿತು, ಮಗುವನ್ನು ಎದೆಗೆ ಹಿಡಿಯುವ ಬಗೆಯನ್ನು ತಾಳ್ಮೆಯಿಂದ ತೋರಿಸಿ. ಹಾಲು ಸಾಲದೆಂಬ ಸಂಶಯ ಬಂದರೆ ತಡಮಾಡದೆ ವೈದ್ಯರನ್ನು ಕಾಣಿ. ಅಂದು ತರಗತಿಯಲ್ಲಿ ನಾನು ಹೇಳದೆ ಬಿಟ್ಟ ಪಾಠ ಇದು. ತಡವಾಗಿಯಾದರೂ ಹೇಳಿದ್ದೇನೆ.